ಕಾಲಿನ ಸಿ.ಟಿ. ಆಂಜಿಯೊಗ್ರಾಮ್: ಡೈ ಪಾದದವರೆಗೆ ತಲುಪಬೇಕು

ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ನೋವು ಇಳಿಯುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಇದು ಕಾಲಿನ ಅಪಧಮನಿ ಕಟ್ಟಿಕೊಂಡಿರುವ ಸೂಚನೆಯಾಗಿರಬಹುದು. ಆಗ ವೈದ್ಯರು ಡೈ ಹಾಕಿ ಸಿ.ಟಿ. ಆಂಜಿಯೊಗ್ರಾಮ್ ಮಾಡಿಸಲು ಹೇಳುತ್ತಾರೆ. ಚಿತ್ರದಲ್ಲಿ ತೊಡೆಯವರೆಗೆ ಬೆಳ್ಳಗೆ ಕಂಡ ನಾಳ ಮೊಣಕಾಲಿನ ಕೆಳಗೆ ಮಾಯವಾದರೆ ಅದು ನಿಜವಾದ ಅಡ್ಡಿಯೋ, ಡೈ ಅಲ್ಲಿಗೆ ಇನ್ನೂ ಬಂದಿರಲಿಲ್ಲವೋ? ಬಲೂನೋ ಬೈಪಾಸೋ ಎಂಬ ತೀರ್ಮಾನ ಇದರ ಮೇಲೆ ನಿಂತಿದೆ.

ಮೊದಲ ಹೆಜ್ಜೆ ಮನೆಯಲ್ಲೇ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ವರದಿ ಜೊತೆಗಿರಲಿ. ಹಿಂದೆ ಡೈನಿಂದ ಅಲರ್ಜಿ ಆಗಿದ್ದರೆ, ಮೆಟ್‌ಫಾರ್ಮಿನ್ ಸೇವಿಸುತ್ತಿದ್ದರೆ ಮುಂಚೆಯೇ ತಿಳಿಸಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಎರಡನೆಯದು ಸೂಜಿ. ಡೈ ಸೆಕೆಂಡಿಗೆ 4–5 ಮಿ.ಲೀ. ವೇಗದಲ್ಲಿ ಹೋಗಬೇಕಾದ್ದರಿಂದ ಮೊಣಕೈ ಮಡಿಕೆಯ ದಪ್ಪ ಅಭಿಧಮನಿಯಲ್ಲಿ 18 ಅಥವಾ 20 ಗೇಜಿನ ಕ್ಯಾನುಲಾ ಬೇಕು. ಡೈಯನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿದರೆ ಅದರ ಮಂದತನ ಇಳಿಯುತ್ತದೆ. ಹಿಂದೆಯೇ ಸಲೈನ್ ತಳ್ಳಿದರೆ ಕೈಯ ಅಭಿಧಮನಿಯಲ್ಲಿ ಉಳಿದ ಡೈಯೂ ಮುಂದೆ ಹೋಗುತ್ತದೆ. ಮೈ ಬಿಸಿಯಾದಂತೆ ಅನಿಸುವುದು ಸಹಜ. ಸೂಜಿಯ ಜಾಗ ಊದಿದರೆ, ಉರಿದರೆ ತಕ್ಷಣ ಹೇಳಿ.

ಅನೇಕ ಪರೀಕ್ಷೆಗಳು ಕೆಡುವುದು ಸಮಯದ ಲೆಕ್ಕಾಚಾರದಲ್ಲಿ. ಯಂತ್ರ ಹೊಟ್ಟೆಯ ಮಹಾಪಧಮನಿಯನ್ನು ಗಮನಿಸುತ್ತಾ, ಅಲ್ಲಿ ಡೈ ಕಂಡ ಕೂಡಲೇ ಸ್ಕ್ಯಾನ್ ಶುರು ಮಾಡುತ್ತದೆ. ಅಲ್ಲಿಂದ ಮೊಣಕಾಲಿಗೆ ಡೈ ಇಳಿಯಲು ಒಬ್ಬರಿಗೆ 4 ಸೆಕೆಂಡು ಸಾಕು, ಇನ್ನೊಬ್ಬರಿಗೆ 20 ಸೆಕೆಂಡಿಗೂ ಹೆಚ್ಚು ಬೇಕು. ರೋಗ ಇರುವ ಕಾಲಲ್ಲಿ ತಡ ಹೆಚ್ಚಿರಬಹುದು. ಈಗಿನ ವೇಗದ ಯಂತ್ರಗಳು ಡೈಯನ್ನೇ ಹಿಂದೆ ಹಾಕಿ ಪಾದ ತಲುಪಿಬಿಡುತ್ತವೆ. ಅದಕ್ಕೆ ಮೇಜಿನ ವೇಗವನ್ನು ಸೆಕೆಂಡಿಗೆ ಸುಮಾರು 30 ಮಿ.ಮೀ.ಗೆ ತಗ್ಗಿಸಬೇಕು, ಡೈಯನ್ನು ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಮೊಣಕಾಲಿನಿಂದ ಪಾದದವರೆಗೆ ಎರಡನೇ ಸ್ಕ್ಯಾನನ್ನು ಮೊದಲೇ ಸಿದ್ಧವಾಗಿಟ್ಟಿರಬೇಕು. ನನ್ನ ಮಟ್ಟಿಗೆ ಇದೇ ಅತಿ ಮುಖ್ಯ. ತೀರಾ ತಡವಾದರೆ ಅಭಿಧಮನಿಗಳೂ ತುಂಬಿ ಗೊಂದಲವಾಗುತ್ತದೆ.

ವೋಲ್ಟೇಜನ್ನು 120ರಿಂದ 100 ಅಥವಾ 80 ಕಿಲೊವೋಲ್ಟಿಗೆ ಇಳಿಸಿದರೆ ಡೈನ ಅಯೋಡಿನ್ ಹೆಚ್ಚು ಬೆಳ್ಳಗೆ ಕಾಣುತ್ತದೆ. ನಾಳಗಳು ಹಿಗ್ಗಲಿ ಎಂದು ಕೆಲವೆಡೆ ಪಾದ ಬೆಚ್ಚಗಿಡುತ್ತಾರೆ, ನಾಲಿಗೆ ಕೆಳಗೆ ನೈಟ್ರೊಗ್ಲಿಸರಿನ್ ಕೊಡುತ್ತಾರೆ. ಲೈಂಗಿಕ ಸಮಸ್ಯೆಗೆ ಕೊಡುವ ಸಿಲ್ಡೆನಾಫಿಲ್ ತೆಗೆದುಕೊಂಡವರಿಗೆ ನೈಟ್ರೊಗ್ಲಿಸರಿನ್ ಅಪಾಯ, ಸಂಕೋಚಪಡದೆ ಹೇಳಿಬಿಡಿ.

ಮೊಣಕಾಲಿನ ಕೆಳಗೆ ಡೈ ಸರಿಯಾಗಿ ತುಂಬಿಲ್ಲ ಎಂದು ವರದಿಯಲ್ಲಿದ್ದರೆ, ಎರಡನೇ ಸ್ಕ್ಯಾನ್ ಆಗಿದೆಯೇ ಎಂದು ಕೇಳಿ. ಕಾಲು ತೆಗೆಯುವ ಮಾತು ಬಂದಿದ್ದರಂತೂ, ಡಾಪ್ಲರ್ ಅಥವಾ ಕ್ಯಾಥೆಟರ್ ಆಂಜಿಯೊಗ್ರಾಮ್ ಬೇಕೇ ಎಂದು ರಕ್ತನಾಳ ತಜ್ಞರ ಹತ್ತಿರ ಚರ್ಚಿಸಿ.