ಸೆರೆವಾಸ, ದಾಂಪತ್ಯ ಮತ್ತು ಲೈಂಗಿಕ ಸೋಂಕುಗಳು

ಪ್ರಶ್ನೆ: ವಿಚಾರಣಾಧೀನ ಬಂದಿಯಾಗಿ ಎರಡು ವರ್ಷ ಜೈಲಿನಲ್ಲಿದ್ದ ಪತಿ ಜಾಮೀನಿನ ಮೇಲೆ ಮನೆಗೆ ಬಂದಿದ್ದಾರೆ. ಇಬ್ಬರಿಗೂ ಯಾವ ತೊಂದರೆಯೂ ಕಾಣುತ್ತಿಲ್ಲ. ಲೈಂಗಿಕ ಸೋಂಕುಗಳ ಪರೀಕ್ಷೆ ಬೇಕೇ?

ಉತ್ತರ: ಬೇಕು, ಮತ್ತು ಪತಿ-ಪತ್ನಿ ಇಬ್ಬರಿಗೂ ಬೇಕು. ತೊಂದರೆ ಕಾಣದಿರುವುದು ಸೋಂಕಿಲ್ಲವೆಂಬುದಕ್ಕೆ ಆಧಾರವಾಗುವುದಿಲ್ಲ. ಗೊನೊರಿಯಾ ಮತ್ತು ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾ ಸೋಂಕುಗಳು ಅನೇಕ ಮಹಿಳೆಯರಲ್ಲಿ ಯಾವ ಲಕ್ಷಣವನ್ನೂ ತೋರದೆ ಗರ್ಭನಾಳಗಳಿಗೆ ಹಾನಿ ಮಾಡಬಲ್ಲವು. ಸಿಫಿಲಿಸ್‌ನ ಮೊದಲ ಹುಣ್ಣು ನೋವಿಲ್ಲದ್ದಾಗಿದ್ದು, ಔಷಧವಿಲ್ಲದೆಯೇ ಮಾಯುವುದರಿಂದ ರೋಗವೇ ವಾಸಿಯಾಯಿತೆಂಬ ಭ್ರಮೆ ಹುಟ್ಟುತ್ತದೆ. ಎಚ್‌ಐವಿ ಸೋಂಕು ವರ್ಷಗಟ್ಟಲೆ ಹೊರಗೆ ತೋರದೆ ಇರಬಲ್ಲದು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯ ಪ್ರಕಾರ ದೇಶದ ಬಂದಿಗಳಲ್ಲಿ ಶೇ 75ಕ್ಕಿಂತ ಹೆಚ್ಚು ಮಂದಿ ವಿಚಾರಣಾಧೀನರಾಗಿದ್ದು, ಅವರು ಬಂಧನ, ಜಾಮೀನು, ಮರುಬಂಧನಗಳ ನಡುವೆ ಒಳಗೂ ಹೊರಗೂ ಸಾಗುತ್ತಿರುವುದರಿಂದ ಜೈಲಿನ ಗೋಡೆಯು ಸೋಂಕಿಗೆ ಗಡಿಯಾಗುವುದಿಲ್ಲ. ಒಳಗೆ ಒಪ್ಪಿಗೆಯಿಂದಲೋ ಬಲವಂತದಿಂದಲೋ ನಡೆಯುವ ಅಸುರಕ್ಷಿತ ಸಂಪರ್ಕ, ಒಂದೇ ಸೂಜಿಯಿಂದ ಹಲವರಿಗೆ ಹಾಕುವ ಹಚ್ಚೆ, ಹಂಚಿಕೊಂಡ ಸಿರಿಂಜು ಮತ್ತು ಬ್ಲೇಡು ಇವು ಅಪಾಯದ ಮುಖ್ಯ ದಾರಿಗಳು. ಈ ದಾರಿಗಳಲ್ಲಿ ರಕ್ತದ ಮೂಲಕ ದಾಟುವ ಎಚ್‌ಐವಿ ಹಾಗೂ ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ಮನೆಯಲ್ಲಿ ದಾಂಪತ್ಯ ಸಂಪರ್ಕದಿಂದ ಮುಂದುವರಿಯಬಹುದು. ಆದರೆ ಸೋಂಕು ಬಂಧನಕ್ಕೆ ಮೊದಲೇ ಇದ್ದಿರಬಹುದು, ಹೊರಗಿದ್ದ ಸಂಗಾತಿಯಲ್ಲಿಯೂ ಇದ್ದಿರಬಹುದು. ಪತ್ತೆಯಾದ ದಿನಾಂಕವು ಅದನ್ನು ತಂದವರು ಯಾರೆಂಬುದನ್ನು ಹೇಳುವುದಿಲ್ಲವಾದ್ದರಿಂದ, ಆ ವಿಚಾರಣೆಗೆ ಇಳಿಯುವ ಕುಟುಂಬಗಳು ಚಿಕಿತ್ಸೆಯ ಕಾಲವನ್ನೇ ಕಳೆದುಕೊಳ್ಳುತ್ತವೆ.

ಪರೀಕ್ಷೆಯ ಸಮಯಕ್ಕೂ ಮಹತ್ವವಿದೆ. ಸೋಂಕು ತಗಲಿದ ದಿನದಿಂದ ಅದು ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವವರೆಗಿನ ಅವಧಿಯನ್ನು ವೈದ್ಯರು ‘ವಿಂಡೋ ಪೀರಿಯಡ್’ ಎನ್ನುತ್ತಾರೆ. ಎಚ್‌ಐವಿಯ ಶೀಘ್ರ ಪರೀಕ್ಷೆಗಳಲ್ಲಿ ಇದು 90 ದಿನಗಳವರೆಗೆ ಇರಬಹುದು, ಸಿಫಿಲಿಸ್‌ನಲ್ಲಿಯೂ ಹುಣ್ಣು ಕಾಣಿಸಿಕೊಳ್ಳಲು ಅಷ್ಟೇ ಕಾಲ ಹಿಡಿಯಬಹುದು. ಆದ್ದರಿಂದ ಬಂದ ಕೂಡಲೇ ಒಮ್ಮೆ, ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸಿಕೊಂಡು, ನಡುವಿನ ಅವಧಿಯಲ್ಲಿ ಪ್ರತಿ ಸಲವೂ ಕಾಂಡೋಮ್ ಬಳಸುವುದು ಸರಿಯಾದ ಕ್ರಮ. ಹೆಪಟೈಟಿಸ್ ಬಿ ಇಲ್ಲವೆಂದು ಖಚಿತವಾದವರು ಸೊನ್ನೆ, ಒಂದು ಮತ್ತು ಆರನೆಯ ತಿಂಗಳಲ್ಲಿ ಮೂರು ಡೋಸ್ ಲಸಿಕೆ ಪಡೆಯಬಹುದು. ಮಗು ಬೇಕೆಂದಿರುವ ದಂಪತಿ ಕಾಂಡೋಮ್ ಬಿಡುವುದಕ್ಕೆ ಮೊದಲು ಎರಡನೆಯ ಪರೀಕ್ಷೆಯ ಫಲಿತಾಂಶವನ್ನು ಕಾಯಬೇಕು.

ಪ್ರಶ್ನೆ: ಪತಿಯ ಮೂತ್ರನಾಳದಿಂದ ಕೀವು ಬರುತ್ತಿತ್ತು, ಮಾತ್ರೆಯಿಂದ ನಿಂತಿದೆ. ಪತ್ನಿಗೆ ಯಾವ ದೂರೂ ಇಲ್ಲ. ಆಕೆಗೂ ಔಷಧ ಬೇಕೇ?

ಉತ್ತರ: ಖಂಡಿತ ಬೇಕು. ಒಬ್ಬರಿಗೆ ಮಾತ್ರ ಚಿಕಿತ್ಸೆಯಾದರೆ ಸೋಂಕು ಸಂಗಾತಿಯಿಂದ ಹಿಂದಿರುಗಿ ಬರುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಕ್ಷಣಕ್ಕೆ ತಕ್ಕಂತೆ ಬಣ್ಣದಿಂದ ಗುರುತಿಸಿದ ಔಷಧದ ಕಿಟ್‌ಗಳು ಉಚಿತವಾಗಿದ್ದು, ಕೀವಿನ ತೊಂದರೆಗೆ ಬೂದು ಬಣ್ಣದ ಕಿಟ್ಟನ್ನು ಸಂಗಾತಿಗೂ ಕೊಡಲಾಗುತ್ತದೆ. ಇಬ್ಬರೂ ಔಷಧ ಮುಗಿಸಿ ಏಳು ದಿನ ಕಳೆಯುವವರೆಗೆ ಸಂಪರ್ಕ ಬೇಡ. ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆದ ಎರಡು ಮಾತ್ರೆ ಇದಕ್ಕೆ ಸಮನಲ್ಲ.

ಪ್ರಶ್ನೆ: ಜೈಲಿನಲ್ಲಿದ್ದಾಗ ಎಚ್‌ಐವಿ ಪತ್ತೆಯಾಗಿ ಎಆರ್‌ಟಿ ಆರಂಭವಾಗಿದೆ. ಮನೆಗೆ ಬಂದ ಮೇಲೆ ಪತ್ನಿಗೆ ಸೋಂಕು ತಗಲದಂತೆ ಇರಬಹುದೇ? ವೈದ್ಯರು ಆಕೆಗೆ ತಾವೇ ತಿಳಿಸಿಬಿಡುತ್ತಾರೆಯೇ?

ಉತ್ತರ: ಎಆರ್‌ಟಿ ಎಂದರೆ ವೈರಾಣುವಿನ ವೃದ್ಧಿಯನ್ನು ತಡೆಯುವ ನಿತ್ಯದ ಔಷಧಗಳು. ಭಾರತವೂ ಸೇರಿದಂತೆ ಒಂಬತ್ತು ದೇಶಗಳ 1,763 ಜೋಡಿಗಳ ಮೇಲೆ ನಡೆದ ಅಧ್ಯಯನವೊಂದು, ಬೇಗನೆ ಚಿಕಿತ್ಸೆ ಆರಂಭಿಸಿದರೆ ಸಂಗಾತಿಗೆ ಸೋಂಕು ದಾಟುವ ಸಾಧ್ಯತೆ ಶೇ 96ರಷ್ಟು ತಗ್ಗುತ್ತದೆಂದು 2011ರಲ್ಲಿ ತೋರಿಸಿತು; ರಕ್ತದಲ್ಲಿನ ವೈರಾಣು ಪ್ರಮಾಣ, ಅಂದರೆ ವೈರಲ್ ಲೋಡ್, ಪತ್ತೆಯಾಗದಷ್ಟು ಇಳಿದು ಹಾಗೆಯೇ ಉಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಅದು ದಾಟುವುದಿಲ್ಲವೆಂಬುದು ನಂತರದ ಅಧ್ಯಯನಗಳಿಂದ ಸ್ಥಿರಪಟ್ಟಿದೆ. ಆ ಮಟ್ಟಕ್ಕೆ ಇಳಿಯಲು ಸುಮಾರು ಆರು ತಿಂಗಳು ಬೇಕಾಗಬಹುದು, ಮತ್ತು ಈ ರಕ್ಷಣೆ ಸಿಫಿಲಿಸ್ ಮೊದಲಾದ ಇತರ ಸೋಂಕುಗಳಿಗೆ ಅನ್ವಯಿಸುವುದಿಲ್ಲ.

ಇಲ್ಲಿ ನಿಜವಾದ ಅಪಾಯವಿರುವುದು ಬಿಡುಗಡೆಯ ಸಂದರ್ಭದಲ್ಲಿ. ಜಾಮೀನಿನ ಆದೇಶ ಜೈಲು ತಲುಪಿದ ಸಂಜೆಯೇ ಬಂದಿ ಹೊರಬರಬಹುದಾದ್ದರಿಂದ ಮಾತ್ರೆಗಳೂ ಚಿಕಿತ್ಸೆಯ ದಾಖಲೆಯೂ ಒಳಗೇ ಉಳಿದು, ಊರಿನ ಎಆರ್‌ಟಿ ಕೇಂದ್ರದಲ್ಲಿ ಹೆಸರು ನೋಂದಾಯಿಸುವಷ್ಟರಲ್ಲಿ ಕೆಲವು ವಾರ ಕಳೆದುಹೋಗಬಹುದು. ಔಷಧ ನಿಂತ ಮೇಲೆ ವೈರಾಣು ಮತ್ತೆ ಏರುತ್ತದೆ. ಅದೂ ದಂಪತಿ ಬಹುಕಾಲದ ನಂತರ ಒಂದಾಗುವ ದಿನಗಳಲ್ಲಿಯೇ. ಆದ್ದರಿಂದ ಬಿಡುಗಡೆಯ ನಿರೀಕ್ಷೆಯಿರುವಾಗಲೇ ಜೈಲಿನ ವೈದ್ಯರಿಂದ ವರ್ಗಾವಣೆ ಪತ್ರವನ್ನೂ ಕೆಲವು ವಾರಗಳ ಮಾತ್ರೆಯನ್ನೂ ಕೇಳಿಕೊಳ್ಳುವ ಹೊಣೆಯನ್ನು ಕುಟುಂಬದವರು ಅಥವಾ ವಕೀಲರು ಹೊರಬಹುದು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಸೆಕ್ಷನ್ 31, ವಿಚಾರಣಾಧೀನರೂ ಸೇರಿದಂತೆ ಸರ್ಕಾರದ ವಶದಲ್ಲಿರುವ ಪ್ರತಿಯೊಬ್ಬರಿಗೂ ಎಚ್‌ಐವಿ ತಡೆ, ಪರೀಕ್ಷೆ ಮತ್ತು ಚಿಕಿತ್ಸೆಯ ಹಕ್ಕನ್ನು ಕೊಟ್ಟಿದೆ. ಔಷಧ ತಪ್ಪಿದ ಕಾಲದಲ್ಲಿ ಕಾಂಡೋಮ್ ಇಲ್ಲದೆ ಅಥವಾ ಅದು ಹರಿದು ಸಂಪರ್ಕವಾದರೆ, ಪತ್ನಿ 72 ಗಂಟೆಯೊಳಗೆ ವೈದ್ಯರನ್ನು ಕಂಡು 28 ದಿನಗಳ ತಡೆ ಔಷಧದ ಬಗ್ಗೆ ಕೇಳಬೇಕು.

ತಿಳಿಸುವ ವಿಷಯದಲ್ಲಿ ಕಾಯ್ದೆಯು ಮೊದಲ ಅವಕಾಶವನ್ನು ಸೋಂಕಿತರಿಗೇ ಕೊಡುತ್ತದೆ. ಆಪ್ತಸಮಾಲೋಚನೆಯ ನಂತರವೂ ಅವರು ತಿಳಿಸುವುದಿಲ್ಲವೆಂದು ಮನವರಿಕೆಯಾಗಿ, ಸಂಗಾತಿಗೆ ಗಣನೀಯ ಅಪಾಯವಿದ್ದರೆ ಮಾತ್ರ, ಅವರಿಗೆ ಮುಂಚಿತವಾಗಿ ಹೇಳಿ, ವೈದ್ಯರು ಅಥವಾ ಆಪ್ತಸಮಾಲೋಚಕರು ಸಂಗಾತಿಗೆ ತಿಳಿಸಬಹುದು.

ಪ್ರಶ್ನೆ: ಸಜಾ ಬಂದಿಯಾದ ಪತಿ ಪೆರೋಲ್ ಮೇಲೆ ಬರುತ್ತಾರೆ. ಪತ್ನಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಕಾಂಡೋಮ್ ಎಂದರೆ ಅನುಮಾನಪಟ್ಟಂತೆ ಆಗುವುದಿಲ್ಲವೇ?

ಉತ್ತರ: ಕರ್ನಾಟಕದಲ್ಲಿ ಈ ತೊಡಕು ಸಾಮಾನ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಪರೇಷನ್ ಆಗಿರುವುದರಿಂದ, ಕಾಂಡೋಮ್ ಎಂದರೆ ಗರ್ಭನಿರೋಧಕ ಮಾತ್ರ ಎಂದು ತಿಳಿದಿರುವ ಮನೆಯಲ್ಲಿ ಅದನ್ನು ಕೇಳುವುದು ಆರೋಪದಂತೆ ಕೇಳಿಸುತ್ತದೆ. ಮಾತು ಪತ್ನಿಯಿಂದ ಹೊರಡುವುದಕ್ಕಿಂತ, ಪೆರೋಲಿನ ಮೊದಲ ದಿನಗಳಲ್ಲಿ ಇಬ್ಬರೂ ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಹೋಗಿ, ಅಲ್ಲಿನ ಸಮಾಲೋಚಕರಿಂದ ಅದನ್ನು ಕೇಳುವುದು ಲೇಸು. ಬಹುಕಾಲ ದೂರವಿದ್ದ ಯಾವ ದಂಪತಿಗೂ ಅವರು ಇದೇ ಸಲಹೆಯನ್ನು ಕೊಡುತ್ತಾರೆ.

ಪರೀಕ್ಷೆಯ ಪ್ರಮಾಣಪತ್ರವೊಂದೇ ಕಾಂಡೋಮ್‌ಗೆ ಬದಲಿಯಾಗದು. ಪಂಜಾಬ್ ಸರ್ಕಾರ 2022ರಲ್ಲಿ ಕೆಲವು ಜೈಲುಗಳಲ್ಲಿ ದಂಪತಿಯ ಏಕಾಂತ ಭೇಟಿಗೆ ಅವಕಾಶ ಕೊಟ್ಟಾಗ ಎಚ್‌ಐವಿ, ಲೈಂಗಿಕ ರೋಗ, ಕ್ಷಯ ಇಲ್ಲವೆಂಬ ವೈದ್ಯಕೀಯ ಪ್ರಮಾಣಪತ್ರವನ್ನು ಕೇಳಿತು. ಭೇಟಿಯ ಹಕ್ಕನ್ನು ಮನ್ನಿಸಿದ ಆ ಹೆಜ್ಜೆ ಸ್ವಾಗತಾರ್ಹವೇ. ಆದರೆ ವಿಂಡೋ ಪೀರಿಯಡ್‌ನಲ್ಲಿರುವ ಸೋಂಕನ್ನು ಪ್ರಮಾಣಪತ್ರ ಹಿಡಿಯಲಾರದು, ಚಿಕಿತ್ಸೆಯಲ್ಲಿದ್ದು ಸೋಂಕು ದಾಟಿಸದ ಎಚ್‌ಐವಿ ಪೀಡಿತರನ್ನೂ ಹೊರಗಿಡುತ್ತದೆ. ಪತಿ ಪರೀಕ್ಷೆಗೆ ಒಪ್ಪದಿದ್ದರೆ, ಅಥವಾ ಕೇಳಿದರೆ ಹೊಡೆತದ ಭಯವಿದ್ದರೆ, ಪತ್ನಿಯೊಬ್ಬಳೇ ಐಸಿಟಿಸಿಗೆ ಹೋಗಬಹುದು. ಪರೀಕ್ಷೆ ಉಚಿತ, ಫಲಿತಾಂಶ ಗೋಪ್ಯ, ಮತ್ತು ಹತ್ತಿರದ ಕೇಂದ್ರದ ಮಾಹಿತಿಗೆ ಶುಲ್ಕರಹಿತ ಸಹಾಯವಾಣಿ 1097 ಇದೆ.