ಜಾಹೀರಾತು, ಮೊಬೈಲು ಮತ್ತು ನಮ್ಮ ಮಕ್ಕಳು

ದೂರದರ್ಶನದಲ್ಲಿ ವಾಣಿಜ್ಯ ಜಾಹೀರಾತುಗಳು ಪ್ರಾರಂಭವಾದುದು 1976ರ ಜನವರಿ 1ರಂದು. ಅಂದಿನಿಂದಲೂ ಅವುಗಳ ಬಗೆಗೆ ಹಿರಿಯರ ಗೊಣಗಾಟ ನಿಂತಿಲ್ಲ. ಗಂಟೆಗೆ 12 ನಿಮಿಷಗಳನ್ನು ಮೀರಕೂಡದು, ಅಬ್ಬರವೂ ಅತಿಯಾಗಕೂಡದು ಎಂಬುದು ಕೇಬಲ್ ದೂರದರ್ಶನ ನಿಯಮ. ಪೆಟ್ಟಿಗೆಯ ಮುಂದೆ ಕುಳಿತವರಿಗೆ ಇದನ್ನು ಓದಿ ನಗು ಬಂದೀತು. ಆದರೂ ಆ ಪೆಟ್ಟಿಗೆ ನಡುಮನೆಯಲ್ಲಿತ್ತು. "ಅದೆಲ್ಲ ಸುಳ್ಳು ಮಗೂ" ಎನ್ನಲು ಪಕ್ಕದಲ್ಲಿ ಅಜ್ಜಿಯಿದ್ದಳು.

ಮೊಬೈಲಿನ ಬಳಿ ಅಜ್ಜಿಯಿಲ್ಲ. ಅದನ್ನು ಮಗುವಿನ ಕೈಗಿತ್ತವರಾರು? ಸಂಪಾಜೆಯಂತಹ ಘಟ್ಟದ ತಪ್ಪಲಿನ ಊರುಗಳಲ್ಲಿ, ಬಹುಮಟ್ಟಿಗೆ, ಶಾಲೆಗಳಾದ ನಾವೇ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪ್ರೌಢಶಾಲೆಯವರಿಗೆ ಚಂದನ ವಾಹಿನಿಯಲ್ಲಿ 'ಸೇತುಬಂಧ' ಪಾಠಗಳು ಬಂದುವು. ಉಳಿದುದೆಲ್ಲ ಮೊಬೈಲಿನ ಪಾಲಾಯಿತು. 2021ರ ಮಳೆಗಾಲದಲ್ಲಿ ನೆರೆಯ ಸುಳ್ಯ ತಾಲೂಕಿನ ಬಳ್ಳಕದಲ್ಲಿ, ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೇ ಕಂಡಿತು. ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ ಮಾತ್ರ. ಅಂತಹ ಶ್ರದ್ಧೆಯನ್ನು ಯಾರು ತಾನೆ ಹಳಿದಾರು?

ಶಾಲೆಗಳು ತೆರೆದುವು, ಎಷ್ಟೋ ಮನೆಗಳಲ್ಲಿ ಫೋನು ಮಕ್ಕಳ ಕೈಯಲ್ಲೇ ಉಳಿಯಿತು. ಅಲ್ಲಿ 12 ನಿಮಿಷಗಳ ಎಲ್ಲೆಯಿಲ್ಲ. ಮಗು ನೋಡಿದ್ದನ್ನೇ ಜಾಹೀರಾತು ಬೆನ್ನಟ್ಟುತ್ತದೆ. ಆಟದೊಳಗೇ ವ್ಯಾಪಾರಿ ಕುಳಿತಿರುತ್ತಾನೆ. ಮಕ್ಕಳನ್ನು ಕುರಿತ ಜಾಹೀರಾತುಗಳಿಗೆ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮಾರ್ಗಸೂಚಿಗಳನ್ನು ಹೊರಡಿಸಿದೆ, ನಿಜ. ಆದರೆ ಅಜ್ಜಿಯ ಕೆಲಸವನ್ನು ಪ್ರಾಧಿಕಾರ ಮಾಡಲಾರದು. ಅದು ಅಧ್ಯಾಪಕರ ಪಾಲಿಗೆ ಬಂದಿದೆ. ವಾರಕ್ಕೊಂದು ಅವಧಿ ಸಾಕು. ತಾನು ಕಂಡ ಒಂದು ಜಾಹೀರಾತನ್ನು ಮಗು ವಿವರಿಸಲಿ: ಮಾರುವುದೇನು, ಯಾರಿಗೆ, ಮುಚ್ಚಿಟ್ಟುದೇನು? ಮೂರನೆಯ ಪ್ರಶ್ನೆಗೆ ಹೆಚ್ಚು ಸಮಯ ಕೊಡಬೇಕು.