ಆ್ಯಪ್ ಕಟ್ಟುವ ಮೊದಲು ಯಾವ ಪರೀಕ್ಷೆ?

ಮೊಬೈಲ್ ಆ್ಯಪ್‌ನ ಯೋಜನೆ ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಮೊದಲು ಹುಡುಕುವುದು ಡೆವಲಪರ್‌ನನ್ನು. ಆ್ಯಪ್ ಯಾರಿಗಾದರೂ ಬೇಕೇ, ಬೇಕಿದ್ದರೂ ನಡೆದೀತೇ ಎಂದು ಕಡಿಮೆ ಖರ್ಚಿನಲ್ಲಿ ತಿಳಿಯುವ ಕೆಲಸ ಅದಕ್ಕೂ ಮೊದಲು ಆಗಬೇಕು. ಇದಕ್ಕೆ ಹಲವು ವಿಧಾನಗಳಿವೆ. ಯೋಜನೆಯ ಅತಿ ದೊಡ್ಡ ಅನುಮಾನ ಎಲ್ಲಿದೆ ಎಂದು ಗೊತ್ತಾದರೆ ಯಾವ ವಿಧಾನ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಆದ್ದರಿಂದ ಮೊದಲ ಹೆಜ್ಜೆ, ಅನುಮಾನಗಳನ್ನು ಬರೆದಿಟ್ಟುಕೊಳ್ಳುವುದು. ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಿಗೆ ಕೊನೆ ಕೊಯ್ಯುವವರನ್ನೂ ಬೋರ್ಡೊ ದ್ರಾವಣ ಹೊಡೆಯುವವರನ್ನೂ ಒದಗಿಸುವ ಆ್ಯಪ್ ಒಂದನ್ನು ಊಹಿಸಿಕೊಳ್ಳಬಹುದು. ಈ ಕೆಲಸಗಳಿಗೆ ಮರ ಹತ್ತುವ ಕೊನೆಗೌಡರು ಸಿಗುವುದಿಲ್ಲ ಎಂದು ಗೊಣಗದ ಬೆಳೆಗಾರ ಅಪರೂಪ. ಬೇಡಿಕೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ತೊಡಕು ಇರುವುದು ಇನ್ನೊಂದು ತುದಿಯಲ್ಲಿ. ಕೊಳೆರೋಗಕ್ಕೆ ಮುಂಗಾರಿನ ಮುಂಚಿನ ಮದ್ದು ಹೊಡೆಯುವ ಆ ಕೆಲವೇ ದಿನಗಳಲ್ಲಿ ಊರಿನ ತೋಟಗಳೆಲ್ಲ ಕೊನೆಗೌಡನನ್ನು ಒಟ್ಟಿಗೇ ಕರೆಯುತ್ತವೆ. ವರ್ಷಗಳಿಂದ ಹೋಗಿಬಂದ ಮನೆ ಬಿಟ್ಟು, ಗುರುತಿಲ್ಲದ ತೋಟದ ಕರೆಗೆ ಅವನು ಬಂದಾನೇ? ಆ್ಯಪಿನ ಅಳಿವು ಉಳಿವು ಈ ಪ್ರಶ್ನೆಯಲ್ಲಿದೆ. ನೂರು ಬೆಳೆಗಾರರ ಸಮೀಕ್ಷೆ ಮಾಡಿದರೂ ಇದಕ್ಕೆ ಉತ್ತರ ಸಿಗದು.

ಎರಡನೆಯದು, ಅನುಮಾನಕ್ಕೆ ತಕ್ಕ ಪರೀಕ್ಷೆ. ಸಮಸ್ಯೆ ನಿಜವಾಗಿ ಇದೆಯೇ ಎಂಬುದೇ ಗೊತ್ತಿಲ್ಲದಿದ್ದರೆ ಜನರೊಡನೆ ಮಾತಾಡಬೇಕು. ‘ಇಂಥ ಆ್ಯಪ್ ಬಂದರೆ ಬಳಸುತ್ತೀರಾ’ ಎಂದು ಕೇಳುವುದು ವ್ಯರ್ಥ. ಮನೆಗೆ ಬಂದವರ ಮುಖಕ್ಕೆ ‘ಬೇಡ’ ಎನ್ನುವವರು ನಮ್ಮಲ್ಲಿ ಕಡಿಮೆ. ‘ಕಳೆದ ವರ್ಷ ಜನ ಸಿಗದಾಗ ಏನು ಮಾಡಿದಿರಿ, ಎಷ್ಟು ಖರ್ಚಾಯಿತು’ ಎಂದು ಕೇಳಬೇಕು. ರಾಬ್ ಫಿಟ್ಸ್‌ಪ್ಯಾಟ್ರಿಕ್ 2013ರಲ್ಲಿ ಬರೆದ ‘ದ ಮಾಮ್ ಟೆಸ್ಟ್’ ಪುಸ್ತಕದ ತಿರುಳೂ ಇದೇ: ನಡೆದದ್ದನ್ನು ಕೇಳು, ನಡೆಯಬಹುದಾದ್ದನ್ನಲ್ಲ. ‘ಕಾರ್ಬನ್ ಫೈಬರ್ ದೋಟಿ ತಗೊಂಡೆ’ ಎಂಬ ಉತ್ತರ ಬಂದರೆ, ಆ್ಯಪಿಗೆ ಪೈಪೋಟಿ ನೆಲದಿಂದಲೇ ಕೊನೆ ಕೊಯ್ಯುವ ಒಂದು ಕೋಲಿನಿಂದ ಎಂಬುದು ಅಂದೇ ಗೊತ್ತಾಗುತ್ತದೆ.

ಜನ ಹಣ ಕೊಡುತ್ತಾರೆಯೇ ಎಂಬುದು ಅನುಮಾನವಾದರೆ ಬೆಲೆ ಬರೆದ ಒಂದು ವೆಬ್ ಪುಟ ಸಾಕು. ಜೋಯೆಲ್ ಗ್ಯಾಸ್ಕೋಯ್ನ್ 2010ರಲ್ಲಿ ಸಾಮಾಜಿಕ ಜಾಲತಾಣಗಳ ಪೋಸ್ಟ್‌ಗಳಿಗೆ ಸಮಯ ನಿಗದಿಮಾಡುವ ಬಫರ್ ತಂತ್ರಾಂಶ ಕಟ್ಟುವ ಮೊದಲು ಇದನ್ನೇ ಮಾಡಿದರು. ಮೊದಲ ಪುಟ ನೋಡಿ ಜನ ಇಮೇಲ್ ವಿಳಾಸ ಕೊಟ್ಟ ಮೇಲೆ, ಆ ಪುಟಕ್ಕೂ ವಿಳಾಸ ಕೇಳುವ ಪುಟಕ್ಕೂ ನಡುವೆ ಬೆಲೆಪಟ್ಟಿಯ ಪುಟವೊಂದನ್ನು ಸೇರಿಸಿ, ಯಾರು ಯಾವ ದರ ಒತ್ತುತ್ತಾರೆ ಎಂದು ನೋಡಿದರು. ಕಟ್ಟುವುದೇ ಕಷ್ಟವಾದ ತಂತ್ರಾಂಶಕ್ಕೆ ವಿಡಿಯೊ ಒಳ್ಳೆಯದು. 2008ರಲ್ಲಿ ಡ್ರಾಪ್‌ಬಾಕ್ಸ್‌ನ ಚಿಕ್ಕ ವಿಡಿಯೊ ಒಂದೇ ರಾತ್ರಿಯಲ್ಲಿ ಕಾಯುವವರ ಪಟ್ಟಿಯನ್ನು 5,000ದಿಂದ 75,000ಕ್ಕೆ ಏರಿಸಿತು. ಪರದೆ ಅರ್ಥವಾಗುತ್ತದೆಯೇ ಎಂಬುದಕ್ಕೆ ಕಾಗದದ ಮೇಲೆ ಬರೆದ ಚಿತ್ರಗಳನ್ನು ಐದು ಜನರಿಗೆ ತೋರಿಸಿದರೆ ಹೆಚ್ಚಿನ ತಪ್ಪುಗಳು ಹೊರಬೀಳುತ್ತವೆ. ಆ ಐವರ ಮೆಚ್ಚುಗೆಯಿಂದ ಮಾರುಕಟ್ಟೆಯ ಬಗ್ಗೆ ಏನೂ ತಿಳಿಯದು.

ಅಡಿಕೆ ಆ್ಯಪಿನಂತೆ, ವ್ಯವಸ್ಥೆ ನಡೆಯುತ್ತದೆಯೇ ಎಂಬುದೇ ಅನುಮಾನವಾದಲ್ಲಿ ಕೆಲಸವನ್ನು ಕೈಯಿಂದಲೇ ಮಾಡಿ ನೋಡಬೇಕು. ಅಮೆರಿಕದ ಆನ್‌ಲೈನ್ ಶೂ ಅಂಗಡಿ ಜಾಪೋಸ್ 1999ರಲ್ಲಿ ಶುರುವಾದದ್ದು ಹೀಗೆ: ಅಂಗಡಿಯ ಶೂಗಳ ಫೋಟೊ ವೆಬ್‌ಸೈಟಿಗೆ ಹಾಕುವುದು, ಆರ್ಡರ್ ಬಂದರೆ ಅದೇ ಅಂಗಡಿಯಲ್ಲಿ ಕೊಂಡು ಕಳಿಸುವುದು. ಮುಂದೆ ಪರದೆ, ಹಿಂದೆ ಮನುಷ್ಯ. ಒಂದು ಬಗೆಯ ಸೂತ್ರದ ಗೊಂಬೆಯಾಟ. ಮನೆಗೆ ಸಾಮಾನು ತಲುಪಿಸುತ್ತಿದ್ದ ಬೆಂಗಳೂರಿನ ಡಂಜೊ ಕೂಡ ಆ್ಯಪ್ ಆಗುವ ಮೊದಲು ವಾಟ್ಸ್ಆ್ಯಪ್‌ನಲ್ಲಿ ಬಂದ ಸಂದೇಶಗಳ ಮೇಲೆಯೇ ನಡೆಯುತ್ತಿತ್ತು. ಅಡಿಕೆಗೆ ಬೇಕಾದದ್ದು ಒಂದು ಫೋನ್ ನಂಬರ್, ಒಂದು ನೋಟ್‌ಬುಕ್, ಎರಡು ಪಂಚಾಯಿತಿ, ಒಂದು ಹಂಗಾಮು. ಆಳಿಗೆ ಪೈಪೋಟಿ ಇಲ್ಲದ ಬೇಸಿಗೆಯ ಬಿಡುವಿನಲ್ಲಿ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ.

ಮೂರನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ: ಗೆಲುವಿನ ಗೆರೆಯನ್ನು ಮೊದಲೇ ಎಳೆದಿಡುವುದು. 30 ಕರೆಗಳಲ್ಲಿ 20ಕ್ಕೆ ಒಪ್ಪಿದ ದಿನವೇ ಆಳು ಬಂದರೆ ಮುಂದುವರಿಯುವುದು, 10ಕ್ಕಿಂತ ಕಡಿಮೆಯಾದರೆ ಬಿಡುವುದು, ಹೀಗೆ. ಫಲಿತಾಂಶ ಬಂದ ಮೇಲೆ ಗೆರೆ ಎಳೆದರೆ ಅದು ಸದಾ ಗೆದ್ದ ಕಡೆಗೇ ಬೀಳುತ್ತದೆ. ನೋಟ್‌ಬುಕ್ಕಿನಲ್ಲಿ ಯಾರು ಕರೆದರು, ಯಾರು ಒಪ್ಪಿದರು, ಬಂದರೇ, ಕೂಲಿ ಎಷ್ಟು ಎಂಬುದರ ಜೊತೆ ಇನ್ನೊಂದು ಕಲಂ ಇರಲಿ: ಎರಡನೇ ಸಲ ಬೆಳೆಗಾರ ಯಾರಿಗೆ ಫೋನ್ ಮಾಡಿದ? ನೇರವಾಗಿ ಕೊನೆಗೌಡನಿಗೇ ಮಾಡಿದ್ದರೆ ಇಬ್ಬರಿಗೂ ಅನುಕೂಲವಾಯಿತು, ಆದರೆ ನಡುವೆ ಆ್ಯಪಿಗೆ ಜಾಗ ಉಳಿಯಲಿಲ್ಲ.

ಸಿಕ್ಕ ಪುರಾವೆಗಳ ತೂಕವೂ ಒಂದೇ ಅಲ್ಲ. ‘ಒಳ್ಳೆ ಐಡಿಯಾ’ ಎಂಬ ಮಾತು ಹಗುರ, ಕೊಟ್ಟ ಫೋನ್ ನಂಬರ್ ಸ್ವಲ್ಪ ಭಾರ, ಮುಂಗಡ ಹಣ ಎಲ್ಲಕ್ಕಿಂತ ಭಾರ. ಹಣ ಪಡೆದಿದ್ದರೆ, ಕೆಲಸ ಆಗದಾಗ ವಾಪಸು ಕೊಡುವ ಏರ್ಪಾಡು ಇರಬೇಕು. ನಂಬರ್ ಪಡೆಯುವಾಗ ಯಾವುದಕ್ಕೆಂದು ಹೇಳಿ ಒಪ್ಪಿಗೆ ಪಡೆಯಬೇಕು.

ಇವೆಲ್ಲ ಮುಗಿದ ಮೇಲೆ ಕೋಡಿನ ಸರದಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಿಂದ ಗೂಗಲ್ ಪ್ಲೇಗೆ ಆ್ಯಪ್ ಬಿಡಬೇಕಾದರೆ ಕನಿಷ್ಠ 12 ಜನರು ಸತತ 14 ದಿನ ‘ಕ್ಲೋಸ್ಡ್ ಟೆಸ್ಟ್’ನಲ್ಲಿ, ಅಂದರೆ ಆಹ್ವಾನಿತರಿಗಷ್ಟೇ ತೆರೆದ ಪರೀಕ್ಷೆಯಲ್ಲಿ, ಇರಬೇಕು. ಅದನ್ನೇ ಆರಂಭದ ಪರೀಕ್ಷೆ ಎಂದುಕೊಳ್ಳುವವರಿದ್ದಾರೆ. ಅದರಲ್ಲಿ ಸಿಗುವುದು ತಂತ್ರಾಂಶದ ದೋಷಗಳು ಮಾತ್ರ, ಮತ್ತು ಅಷ್ಟು ಹೊತ್ತಿಗೆ ಡೆವಲಪರ್‌ಗೆ ದುಡ್ಡು ಕೊಟ್ಟಾಗಿರುತ್ತದೆ.